ಅಮೈನೋ ಆಮ್ಲಗಳ ಸರಣಿಯೇ ಎಲ್ಲವೂ ಅಲ್ಲ

ಕೀಟಗಳ ನ್ಯೂರೋಪೆಪ್ಟೈಡ್‌ನ ಕೆಲಸವನ್ನು ಅದರ ಅಮೈನೋ ಆಮ್ಲಗಳ ಸರಣಿಯೇ ನಿರ್ಧರಿಸುತ್ತದೆ, ಆಮೇಲೆ ಸೇರುವ ರಾಸಾಯನಿಕ ಮಾರ್ಪಾಡುಗಳು ಗೌಣ ಎಂಬ ವಾದ ಅಚ್ಚಾಗಿದೆ. ಅದನ್ನು ಉರುಳಿಸಲು ಜಿರಳೆಯ ಕರುಳೊಂದೇ ಸಾಕು. 1986ರಲ್ಲಿ ಮಡೀರಾ ಜಿರಳೆಯಿಂದ ಬೇರ್ಪಡಿಸಿದ ಲ್ಯೂಕೋಸಲ್ಫಕೈನಿನ್ ಎಂಬ ನ್ಯೂರೋಪೆಪ್ಟೈಡ್ ಹಿಂಗರುಳಿನ ಸಂಕೋಚನವನ್ನು ಹೆಚ್ಚಿಸುತ್ತದೆ. ಅದರ ಟೈರೋಸಿನ್ ಮೇಲಿನ ಸಲ್ಫೇಟ್ ಗುಂಪನ್ನು ತೆಗೆದರೆ ಸರಣಿ ಹಾಗೆಯೇ ಉಳಿಯುತ್ತದೆ, ಕರುಳು ಮಾತ್ರ ಸ್ಪಂದಿಸುವುದಿಲ್ಲ. ಸರಣಿಯೇ ಸರ್ವಸ್ವವಾಗಿದ್ದರೆ ಹೀಗಾಗಲು ಸಾಧ್ಯವೇ ಇಲ್ಲ.

ಕೈನಿನ್‌ಗಳೆಂಬ ಇನ್ನೊಂದು ಗುಂಪಿನ ಕೀಟ ನ್ಯೂರೋಪೆಪ್ಟೈಡ್‌ಗಳ ತುದಿಯಲ್ಲಿ ಅಮೈಡ್ ಇರಬೇಕಾದ ಕಡೆ ಬರಿಯ ಆಮ್ಲವಿದ್ದರೆ ಚಟುವಟಿಕೆ ಬಹುತೇಕ ಅಳಿಯುತ್ತದೆ. ಮಿಡತೆಯ ಅಡಿಪೋಕೈನೆಟಿಕ್ ಹಾರ್ಮೋನ್‌ನ ಒಂದು ತುದಿಯನ್ನು ಪೈರೋಗ್ಲುಟಮೇಟ್, ಇನ್ನೊಂದನ್ನು ಅಮೈಡ್ ಮುಚ್ಚಿವೆ. ತುದಿಯಿಂದ ಕತ್ತರಿಸುವ ಕಿಣ್ವಗಳಿಗೆ ಅಲ್ಲಿ ಹಿಡಿತ ಸಿಗದು.

ಪ್ರಾಕ್ಟೋಲಿನ್ ಎಂಬ ಕೀಟ ನ್ಯೂರೋಪೆಪ್ಟೈಡ್ ಯಾವ ಮಾರ್ಪಾಡೂ ಇಲ್ಲದೆ, ಐದೇ ಅಮೈನೋ ಆಮ್ಲಗಳಿಂದ ಸ್ನಾಯುವನ್ನು ಕುಣಿಸುತ್ತದೆ ಎಂಬುದು ಆ ವಾದದ ಗಟ್ಟಿ ಆಧಾರ. ಅದು ನಿಜ. ಆದರೆ ತುದಿಗಳಿಗೆ ಮುಚ್ಚಳವಿಲ್ಲದ ಅದೇ ಪ್ರಾಕ್ಟೋಲಿನ್ ಕೀಟದ ಕಿಣ್ವಗಳ ಎದುರು ಬೇಗನೆ ಒಡೆದುಹೋಗುತ್ತದೆ ಎಂಬ ಸಂಗತಿ ವಾದದಲ್ಲಿ ಕಾಣೆಯಾಗಿದೆ.

ಪ್ರಯೋಗಾಲಯದ ಮಾರ್ಪಾಡುಗಳನ್ನಂತೂ ವಾದ ಮುಟ್ಟಿಯೇ ಇಲ್ಲ. ಕೈನಿನ್‌ನ ಸೂಕ್ತ ಸ್ಥಾನಗಳಲ್ಲಿ ಅಮೈನೋಐಸೋಬ್ಯುಟಿರಿಕ್ ಆಮ್ಲವನ್ನು ಕೂರಿಸಿದರೆ ಆ ಕೈನಿನ್ ತನ್ನನ್ನು ಒಡೆಯುವ ಕಿಣ್ವಗಳನ್ನು ತಡೆದುಕೊಂಡೂ ಗ್ರಾಹಕವನ್ನು ಪ್ರಚೋದಿಸುತ್ತದೆ. ಇಂಥ ಕೆಲವು ಕೈನಿನ್‌ಗಳನ್ನು ಆಹಾರದಲ್ಲಿ ಬೆರೆಸಿ ಕೊಟ್ಟಾಗ ಬಟಾಣಿಯ ಗಿಡಹೇನುಗಳು ಸತ್ತಿವೆ.