ಅರ್ಧಕ್ಕೆ ನಿಂತ ಕ್ಯಾಸೆಟ್ಟುಗಳು

ಕನ್ನಡ ಸಿನಿಮಾದವರು ಈಗ ಶುಕ್ರವಾರ ಹತ್ತಿರ ಬಂದರೆ ಟಿ.ವಿ.ಯಲ್ಲಿ ಕೂತು ಕೈಮುಗಿಯುತ್ತಾರೆ. ಚಿತ್ರಮಂದಿರಕ್ಕೇ ಬನ್ನಿ, ಕನ್ನಡ ಚಿತ್ರ ಉಳಿಸಿ, ಬೇರೆ ಭಾಷೆಯವಕ್ಕೆ ಮುಗಿಬೀಳುವವರು ನಮ್ಮದನ್ನು ಯಾಕೆ ನೋಡುವುದಿಲ್ಲ ಎಂದು ಕೇಳುತ್ತಾರೆ. ಕೆಲವರ ಗಂಟಲೂ ಕಟ್ಟಿಬರುತ್ತದೆ. ನೋಡುವುದಿಲ್ಲ ಎಂದವರು ಯಾರು ಸ್ವಾಮಿ? ನಾನಂತೂ ನೋಡುತ್ತೇನೆ. ನನ್ನ ತಕರಾರು ಇರುವುದು ಎರಡನೇ ಸಲದ ಬಗ್ಗೆ. ಮೊದಲ ಸಲ ನೋಡಿಸಲು ಪೋಸ್ಟರು, ಟ್ರೇಲರು, ಹೀರೋನ ಹೆಸರು, ಭಾಷಾಭಿಮಾನ ಎಲ್ಲ ಕೆಲಸಕ್ಕೆ ಬರುತ್ತವೆ. ಎರಡನೇ ಸಲಕ್ಕೆ ಇವು ಯಾವುವೂ ನಡೆಯುವುದಿಲ್ಲ. ಕೈಮುಗಿದು ಕೇಳಿದರೂ ಜೀವಮಾನದಲ್ಲಿ ಮತ್ತೊಮ್ಮೆ ನೋಡಲಾರೆ ಎನ್ನುವಂಥ ಸಿನಿಮಾಗಳ ಬಗ್ಗೆ ನನಗೆ ಒಂದಿಷ್ಟು ಹೇಳುವುದಿದೆ.

ನನ್ನ ಮಾತಿಗೆ ಆಧಾರ ವಿಡಿಯೊ ಕ್ಯಾಸೆಟ್ಟುಗಳು. ಎಂಬತ್ತರ ದಶಕದ ಕೊನೆಯಿಂದ ಕೇಬಲ್ ಟಿ.ವಿ. ಬಂದು ಬಾಗಿಲು ಹಾಕಿಸುವವರೆಗೂ ಹೊಸನಗರದಲ್ಲಿ ಕ್ಯಾಸೆಟ್ ಲೈಬ್ರರಿ ಇಟ್ಟಿದ್ದೆ. ಒಂದು ರಾತ್ರಿಗೆ ಟಿ.ವಿ., ವಿ.ಸಿ.ಪಿ., ಮೂರು ಕ್ಯಾಸೆಟ್ ಸೇರಿಸಿ ಬಾಡಿಗೆಗೆ ಕೊಡುತ್ತಿದ್ದೆ. ಸಂಜೆ ಬಸ್ಸಿನ ಟಾಪಿನ ಮೇಲೆ ಗೋಣಿಚೀಲ ಸುತ್ತಿಕೊಂಡು ಹೋದ ಟಿ.ವಿ. ಮರುದಿನ ಮೊದಲ ಬಸ್ಸಿಗೆ ವಾಪಸು ಬರುತ್ತಿತ್ತು. (ಆ ಕ್ಯಾಸೆಟ್ಟುಗಳಲ್ಲಿ ಅಸಲಿ ಎಷ್ಟು, ನಕಲಿ ಎಷ್ಟು ಎಂಬ ಲೆಕ್ಕ ಇಲ್ಲಿ ಬೇಡ.) ರಿವೈಂಡ್ ಮಾಡಿ ಕೊಡದಿದ್ದರೆ ಎರಡು ರೂಪಾಯಿ ದಂಡ ಎಂದು ಬೋರ್ಡು ಹಾಕಿದ್ದೆ. ಯಾರೂ ಅದಕ್ಕೆ ಸೊಪ್ಪು ಹಾಕಲಿಲ್ಲ. ಹಾಕದೇ ಇದ್ದದ್ದು ಒಳ್ಳೆಯದೇ ಆಯಿತು.

ಕ್ಯಾಸೆಟ್ಟಿನ ಮುಖದ ಮೇಲಿನ ಕಿಟಕಿಯಲ್ಲಿ ಟೇಪಿನ ಸುರುಳಿ ಕಾಣುತ್ತಿತ್ತಲ್ಲ, ನೆನಪಿದೆಯೆ? ಸುರುಳಿ ಪೂರ್ತಿ ಬಲಕ್ಕೆ ಬಂದಿದ್ದರೆ ಮನೆಯವರು ಕೊನೆಯವರೆಗೂ ನೋಡಿದ್ದಾರೆ ಎಂದರ್ಥ. ಎರಡೂ ಕಡೆ ಅರ್ಧರ್ಧ ಇದ್ದರೆ ಎಲ್ಲೋ ನಡುವೆ ಎದ್ದು ಬೇರೆ ಕ್ಯಾಸೆಟ್ ಹಾಕಿದ್ದಾರೆ. ಕರೆಂಟು ಹೋಗಿ ನಿಂತದ್ದೂ ಇರುತ್ತಿತ್ತು. ರಾಜ್ಯಕ್ಕೆಲ್ಲ ದೀಪ ಹಚ್ಚುವ ಶರಾವತಿ ಪಕ್ಕದಲ್ಲೇ ಇದ್ದರೂ ನಮ್ಮ ಹಳ್ಳಿಗಳಲ್ಲಿ ಗಾಳಿ ಬೀಸಿದರೆ ಕತ್ತಲೆ. ಆದರೆ ಕರೆಂಟು ಹೋಗಿ ತಪ್ಪಿಸಿಕೊಂಡವರು ಬೆಳಗ್ಗೆ ಬಂದು ಇನ್ನೊಂದು ರಾತ್ರಿಗೆ ಅದೇ ಕ್ಯಾಸೆಟ್ ಕೊಡಿ ಎಂದು ಜಗಳ ಆಡುತ್ತಿದ್ದರು. ಬೇಸತ್ತು ನಿಲ್ಲಿಸಿದವರು ಏನೂ ಹೇಳದೆ ಕೌಂಟರಿನ ಮೇಲಿಟ್ಟು ಹೋಗುತ್ತಿದ್ದರು.

ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಅಂಥ ಕ್ಯಾಸೆಟ್ಟನ್ನು ಅಂಗಡಿಯ ಮಷಿನ್ನಿಗೆ ಹಾಕಿ, ಎಲ್ಲಿ ನಿಂತಿದೆಯೋ ಅಲ್ಲಿಂದ ಎರಡು ನಿಮಿಷ ಹಿಂದೆ ಓಡಿಸಿ ನೋಡುವ ಚಟ ಹತ್ತಿತು. ಒಂದು ಚಿತ್ರ, ಹೆಸರು ಬೇಡ, ಬೇರೆ ಬೇರೆ ಊರಿನ ಮನೆಗಳಿಂದ ಹೆಚ್ಚುಕಮ್ಮಿ ಒಂದೇ ಜಾಗದಲ್ಲಿ ನಿಂತು ಬರುತ್ತಿತ್ತು. ತಂಗಿಯ ಹೆಣ ಇನ್ನೂ ಅಂಗಳದಲ್ಲಿದೆ. ಅಣ್ಣ ಅಳುತ್ತಿದ್ದಾನೆ. ಅಷ್ಟರಲ್ಲಿ ಹಾಸ್ಯನಟರೊಬ್ಬರು ಬಂದು ಬಾಳೆಹಣ್ಣಿನ ಸಿಪ್ಪೆಯ ಮೇಲೆ ಜಾರಿ ಬೀಳುತ್ತಾರೆ, ಹಿನ್ನೆಲೆಯಲ್ಲಿ ಪೀಪಿ ಸದ್ದು. ಕ್ಯಾಸೆಟ್ ವಾಪಸು ತಂದ ಅಜ್ಜಿಯೊಬ್ಬರು, ‘ಸೂತಕದ ಮನೇಲಿ ಹಿಂಗೆ ಆಡ್ತಾರಾ ಮಾರಾಯ?’ ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡರು. ಅದನ್ನು ತೆಗೆದದ್ದು ನಾನೇ ಏನೋ ಎನ್ನುವ ಹಾಗೆ.

ನನ್ನ ವ್ಯಾಪಾರಕ್ಕೆ ಸುಗ್ಗಿ ಎಂದರೆ ಅಡಿಕೆ ಸುಲಿತದ ಕಾಲ. ದೀಪಾವಳಿ ಹೊತ್ತಿಗೆ ಕೊನೆ (ಅಡಿಕೆ ಗೊನೆ) ಕೊಯ್ಲು ಶುರುವಾದರೆ ರಾತ್ರಿಯೆಲ್ಲ ಹಸಿ ಅಡಿಕೆ ಸುಲಿಯಬೇಕು. ಸುಲಿಯುವವರಿಗೆ ನಿದ್ದೆ ಬಾರದಿರಲಿ ಎಂದು ತೋಟದವರು ಟಿ.ವಿ. ತರಿಸುತ್ತಿದ್ದರು. ಚಪ್ಪರದಲ್ಲಿ ಮೆಟ್ಟುಗತ್ತಿ ಹಾಕಿಕೊಂಡು ಸಾಲಾಗಿ ಕೂತ ಹೆಂಗಸರು ಕೈಯಲ್ಲಿ ಸುಲಿಯುತ್ತ ಕಣ್ಣಲ್ಲಿ ಸಿನಿಮಾ ನೋಡುತ್ತಿದ್ದರು. ಅವರಿಗಿಂತ ನಿಷ್ಠುರ ವಿಮರ್ಶಕರನ್ನು ನಾನು ಕಂಡಿಲ್ಲ. ‘ಬಂಗಾರದ ಮನುಷ್ಯ’ ಹಾಕಿದ ರಾತ್ರಿ ಸುಲಿದ ಅಡಿಕೆಯ ಡಬ್ಬ ತುಂಬುವುದಿಲ್ಲ ಎಂದು ಒಬ್ಬ ಯಜಮಾನರು ನನಗೆ ಮೊದಲೇ ಹೇಳಿಟ್ಟಿದ್ದರು, ‘ಸ್ವಲ್ಪ ಕೆಟ್ಟದ್ದು ನೋಡಿ ಕೊಡಿ, ಕೆಲಸ ಆಗಬೇಕು.’ ಸಿನಿಮಾ ಕೆಟ್ಟಷ್ಟೂ ತಲೆ ತಗ್ಗುತ್ತಿತ್ತು, ಕೈ ಓಡುತ್ತಿತ್ತು. 1990ರಲ್ಲಿ ಬಂದ ಫಣಿ ರಾಮಚಂದ್ರ ಅವರ ‘ಗಣೇಶನ ಮದುವೆ’ಗೆ ಮಾತ್ರ ತೋಟದವರ ಶಾಪ ತಪ್ಪಲಿಲ್ಲ. ಅನಂತನಾಗ್ ಇರುವ ಆ ವಠಾರಕ್ಕೂ ನಮ್ಮ ಚಪ್ಪರಕ್ಕೂ ಯಾವ ಸಂಬಂಧ? ಆದರೂ ನಗು ಬಂದ ಜಾಗಕ್ಕೆ ಹಿಂದೆ ಓಡಿಸಿ ಓಡಿಸಿ ಟೇಪು ಸವೆದು, ಚಿತ್ರದ ಮೇಲೆ ಬಿಳಿ ಗೆರೆ ಸುರಿಯತೊಡಗಿತು. ಆ ಗೆರೆಯೊಳಗಿಂದಲೇ ನೋಡುತ್ತಿದ್ದರು.

ಕೆಟ್ಟ ಸಿನಿಮಾ ಎಂದರೆ ಬಡ ಸಿನಿಮಾ ಎಂದು ತಿಳಿಯುವವರಿದ್ದಾರೆ. ಅದು ಸುಳ್ಳು. ಒಂದು ಹಳೇ ಚಿತ್ರದಲ್ಲಿ ನಾಯಕ ಹುಲಿಯ ಜೊತೆ ಸೆಣಸುವಾಗ ಹುಲಿಯ ಹೊಟ್ಟೆಯ ಹೊಲಿಗೆ ಸ್ಪಷ್ಟ ಕಾಣುತ್ತಿತ್ತು. ಹುಲಿಯನ್ನು ಕಾಡಿನಲ್ಲೇ ಕಂಡ ನಮ್ಮ ಜನ ಬಿದ್ದು ಬಿದ್ದು ನಕ್ಕರು, ಮುಂದಿನ ವರ್ಷ ‘ಆ ಹೊಲಿಗೆ ಹುಲೀದು ಇದೆಯಾ?’ ಎಂದು ಕೇಳಿಕೊಂಡು ಬಂದರು. ಅಮೆರಿಕದಲ್ಲಿ ಟಾಮಿ ವಿಸೋ ಎಂಬಾತ 2003ರಲ್ಲಿ ‘ದಿ ರೂಮ್’ ಎಂಬ ಚಿತ್ರ ಮಾಡಿದ. ನಟನೆ, ಮಾತು, ಕತೆ ಯಾವುದೂ ನೆಟ್ಟಗಿಲ್ಲ. ಆದರೆ ಅದನ್ನು ನೋಡಲು ಇವತ್ತಿಗೂ ಜನ ರಾತ್ರಿ ಪ್ರದರ್ಶನಕ್ಕೆ ಹೋಗಿ ಪರದೆಯತ್ತ ಪ್ಲಾಸ್ಟಿಕ್ ಚಮಚ ಎಸೆದು ಗದ್ದಲ ಮಾಡುತ್ತಾರೆ. ಆ ಪುಣ್ಯಾತ್ಮ ಮನಸಿಟ್ಟು ಮಾಡಿದ್ದಾನೆ, ಬರಲಿಲ್ಲ ಅಷ್ಟೆ. ಹೊಲಿಗೆ ಹುಲಿಯದೂ ಅದೇ ಕತೆ. ಕೈ ಸೋತದ್ದನ್ನು ಜನ ಕ್ಷಮಿಸುತ್ತಾರೆ, ಪ್ರೀತಿಯನ್ನೂ ಮಾಡುತ್ತಾರೆ.

ನಿಧಾನದ ಚಿತ್ರಗಳೇ ಕೆಟ್ಟವು ಎಂಬ ಇನ್ನೊಂದು ವಾದವೂ ಇದೆ. ಆ ವಾದ ಮಾಡುವವರು ಒಮ್ಮೆ ಸಾಗರದ ಪಕ್ಕದ ಹೆಗ್ಗೋಡಿಗೆ ಹೋಗಿಬರಬೇಕು. ಕೆ.ವಿ. ಸುಬ್ಬಣ್ಣನವರ ನೀನಾಸಂ 1973ರಲ್ಲಿ ಚಿತ್ರಸಮಾಜ ಕಟ್ಟಿ, ಅಡಿಕೆ ತೋಟದ ಜನಕ್ಕೆ ‘ಪಥೇರ್ ಪಾಂಚಾಲಿ’, ‘ಬೈಸಿಕಲ್ ಥೀವ್ಸ್’, ‘ರಾಶೋಮನ್’ ತೋರಿಸಿತು. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ಪಿ.ಕೆ. ನಾಯರ್, ಸಿನಿಮಾ ಪಾಠ ಹೇಳುತ್ತಿದ್ದ ಸತೀಶ್ ಬಹಾದ್ದೂರ್ ಬಂದು ಜೊತೆಗೆ ನಿಂತರು. ನಾಯರ್ ಬಗ್ಗೆ 2012ರಲ್ಲಿ ಬಂದ ‘ಸೆಲ್ಯುಲಾಯ್ಡ್ ಮ್ಯಾನ್’ ಸಾಕ್ಷ್ಯಚಿತ್ರದಲ್ಲಿ ಹೆಗ್ಗೋಡಿನವರು ಆ ಚಿತ್ರಗಳನ್ನು ಮೊನ್ನೆ ಮೊನ್ನೆ ನೋಡಿದ ಹಾಗೆ ನೆನೆಯುವುದನ್ನು ಕೇಳಬಹುದು. ಸೈಕಲ್ ಕಳೆದುಕೊಂಡರೆ ಕೂಲಿ ಹೋಗುತ್ತದೆ ಎಂಬುದನ್ನು ಅರ್ಥ ಮಾಡಿಕೊಳ್ಳಲು ಇಟಾಲಿಯನ್ ಭಾಷೆ ಬರಬೇಕೆ?

ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನವರಾದ ಗಿರೀಶ ಕಾಸರವಳ್ಳಿ, ಅದೇ ತಾಲ್ಲೂಕಿನ ಮೇಳಿಗೆಯಲ್ಲಿ ಹುಟ್ಟಿದ ಅನಂತಮೂರ್ತಿಯವರ ಕತೆಯನ್ನು ಆಧರಿಸಿ 1977ರಲ್ಲಿ ‘ಘಟಶ್ರಾದ್ಧ’ ಮಾಡಿದರು. ಆಗ ಅದನ್ನು ಅವಾರ್ಡ್ ಸಿನಿಮಾ ಎಂದು ಮೂಗು ಮುರಿದವರೇ ಹೆಚ್ಚು. ಅದೇ ಚಿತ್ರ ಹೊಸದಾಗಿ ದುರಸ್ತಿಯಾಗಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡಿತು. ನಲವತ್ತೇಳು ವರ್ಷದ ಮೇಲೆ ಎರಡನೇ ಸಲ! 1977ರಲ್ಲಿ ಥಿಯೇಟರಿನಲ್ಲಿ ಜನಜಾತ್ರೆ ನೆರೆಸಿದ ಎಷ್ಟು ಚಿತ್ರಗಳ ಹೆಸರು ನಿಮಗೆ ನೆನಪಿದೆ?

ಇಲ್ಲೊಂದು ಮಾತು ಹೇಳಿಬಿಡಬೇಕು. ಮತ್ತೆ ನೋಡೆನು ಎಂದವರೆಲ್ಲ ಕೆಟ್ಟದ್ದೆಂದು ಹಾಗೆನ್ನುವುದಿಲ್ಲ. ಸಾಗರದ ನಾ. ಡಿಸೋಜರ ಕಾದಂಬರಿ ಆಧರಿಸಿ ಕಾಸರವಳ್ಳಿಯವರು ಮಾಡಿದ ‘ದ್ವೀಪ’ವನ್ನು ನನ್ನ ದೊಡ್ಡಮ್ಮನಿಗೆ ತೋರಿಸಿದ್ದೆ. ಆಕೆಯ ತವರು 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನ ಅಡಿಯಲ್ಲಿದೆ. ನೀರು ಮೆಟ್ಟಿಲು ಮೆಟ್ಟಿಲು ಏರುವುದನ್ನು ಕೊನೆಯವರೆಗೂ ಕೂತು ನೋಡಿದಳು. ಮುಂದೆ ಟಿ.ವಿ.ಯಲ್ಲಿ ಅದು ಬಂದಾಗ ಎದ್ದು ಒಳಗೆ ಹೋದಳು. ‘ಒಂದ್ಸಲ ಸಾಕಪ್ಪ, ಎರಡೆರಡು ಸಲ ಮನೆ ಮುಳುಗಿಸಬೇಡಿ’ ಎಂದಳು. ಇಂಥ ಮಾತು ಕೇಳಿಸಿಕೊಳ್ಳುವ ಯೋಗ ಎಷ್ಟು ನಿರ್ದೇಶಕರಿಗಿದೆ?

ಹಾಗಾದರೆ ನಾನು ಕೆಟ್ಟದ್ದೆನ್ನುವುದು ಯಾವುದನ್ನು? ಮೊನ್ನೆ ಮನೆಯವರೆಲ್ಲ ಕೂತು ನೋಡಿದ ಒಂದು ಚಿತ್ರದ ಮಾತು ಹೇಳುತ್ತೇನೆ. ಕತೆ ನಡೆಯುವುದು ಸಾಗರದ ಕಡೆ ಎಂದು ಪರದೆಯ ಮೇಲೇ ಬರೆದಿದ್ದರು. ಧೋ ಎಂದು ಮಳೆ. ಮಳೆಯಲ್ಲಿ ನಾಯಕಿ ಓಡುತ್ತಾಳೆ, ಅವಳ ಹಿಂದೆ ಅವಳ ನೆರಳೂ ಓಡುತ್ತದೆ. ಬಿಸಿಲಿನಲ್ಲಿ ಟ್ಯಾಂಕರ್ ನಿಲ್ಲಿಸಿ ನೀರು ಹೊಡೆದಿದ್ದಾರೆ. ಅವಳ ತಲೆಯ ಮೇಲೆ ಕುಂಭದ್ರೋಣ, ಹತ್ತು ಮಾರು ಆಚೆ ಬಾಳೆ ಎಲೆ ಒಣಗಿ ನಿಂತಿದೆ. ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಮಳೆ ಹೊಡೆಯುವ ಆಗುಂಬೆ, ಅದರ ಜೊತೆ ಪೈಪೋಟಿಗಿಳಿದ ನಮ್ಮ ತಾಲ್ಲೂಕಿನ ಹುಲಿಕಲ್, ಎರಡೂ ಅಷ್ಟು ಹತ್ತಿರ ಇರುವಾಗ ಟ್ಯಾಂಕರಿನ ಮಳೆ!

ಟ್ಯಾಂಕರ್ ತಂದದ್ದೇ ಅಪರಾಧ ಅನ್ನುತ್ತಿಲ್ಲ. ‘ರಾಶೋಮನ್’ ಶುರುವಾಗುವುದೂ ಪೈಪಿನ ಮಳೆಯಲ್ಲೇ. ಹನಿಗಳು ಕ್ಯಾಮೆರಾಕ್ಕೆ ಕಾಣುತ್ತಿಲ್ಲವೆಂದು ಕುರೊಸಾವ ನೀರಿಗೆ ಕಪ್ಪು ಶಾಯಿ ಬೆರೆಸಿದರು. ಮಳೆ ಹೇಗೆ ಕಾಣುತ್ತದೆ ಎಂದು ನೋಡಿದವನಿಗೆ ಮಾತ್ರ ಶಾಯಿ ಬೇಕು ಎಂದು ಹೊಳೆಯುತ್ತದೆ. 2006ರ ಕೊನೆಗೆ ‘ಮುಂಗಾರು ಮಳೆ’ ಬಂದು ಗೆದ್ದ ಮೇಲೆ ನಮ್ಮವರು ಎತ್ತಿಕೊಂಡದ್ದು ನೀರು ಮಾತ್ರ. ಮಳೆ, ಜೋಗ, ಹಸಿರು, ಹುಡುಗನ ವಟವಟ ಎಲ್ಲ ಬಂತು. ಜೋಗ ತುಂಬಿ ಬೀಳುವ ಆಷಾಢದಲ್ಲಿ ಮಂಜು ಕವಿದು ಅರ್ಧ ಹೊತ್ತು ಸದ್ದು ಬಿಟ್ಟು ಬೇರೇನೂ ಕಾಣುವುದಿಲ್ಲ, ಕಾಲಿಗೆ ಇಂಬಳ ಹತ್ತಿರುತ್ತದೆ. ಈ ಪ್ರೇಮಿಗಳಿಗೆ ಮಾತ್ರ ಒಂದು ಇಂಬಳವೂ ಹತ್ತಿದ್ದನ್ನು ನಾನು ಕಂಡಿಲ್ಲ.

ಮೊನ್ನೆಯ ಚಿತ್ರದಲ್ಲಿ ಅಷ್ಟಕ್ಕೇ ಮುಗಿಯಲಿಲ್ಲ. ಅದೇ ಮಳೆಯಲ್ಲಿ ಕೊನೆ ಕೊಯ್ಲು ನಡೆಯುತ್ತದೆ. ಅಡಿಕೆ ಬೆಳೆಯುವ ಯಾವ ಮನೆಯ ಮಗುವಿಗಾದರೂ ಗೊತ್ತು, ಮಳೆಗಾಲದಲ್ಲಿ ಅಡಿಕೆ ಇನ್ನೂ ಎಳೆಗಾಯಿ. ಆಗ ಹೊಳವಾದ ದಿನ ಕಾದು, ಕೊಳೆರೋಗ ಬಾರದಿರಲಿ ಎಂದು ಮೈಲುತುತ್ತ ಸುಣ್ಣದ ಬೋರ್ಡೋ ಹೊಡೆಸುತ್ತಾರೆ, ಇಲ್ಲವೆ ಗೊನೆಗಳಿಗೆ ಮಳೆ ತಾಗದ ಹಾಗೆ ಕೊಟ್ಟೆ ಕಟ್ಟಿಸುತ್ತಾರೆ. ಕೊಯ್ಲು ಮಳೆ ಹಿಂದೆ ಸರಿದ ಮೇಲೆ. ನಾಯಕಿಯ ಅಪ್ಪ ಮಂಗಳೂರು ಕಡೆಯ ಮಾತಾಡುತ್ತ, ‘ನಮ್ಮ ಎಸ್ಟೇಟು’ ಎನ್ನುತ್ತಾರೆ. ಸಾಗರದ ಹವ್ಯಕರ ಮಾತು ಬೇರೆ, ತೀರ್ಥಹಳ್ಳಿ ಗೌಡರ ಮಾತು ಬೇರೆ, ದೀವರ ಮಾತಿನ ವರಸೆ ಬೇರೆ. ಘಟ್ಟ ಕಂಡರೆ ಸಾಕು, ಎಲ್ಲರ ಬಾಯಿಗೂ ಒಂದೇ ಕನ್ನಡ ತುರುಕುವ ಅಭ್ಯಾಸ ಗಾಂಧಿನಗರಕ್ಕೆ ಯಾರು ಕಲಿಸಿದರೋ.

ಮೊದಲು ಮನೆಯವರು ನಕ್ಕರು. ಆಮೇಲೆ ಒಬ್ಬೊಬ್ಬರೇ ಎದ್ದುಹೋದರು. ನಮ್ಮ ತೋಟದಲ್ಲಿ ಮರ ಹತ್ತಿ ಕೊನೆ ಇಳಿಸುವ ಕೊನೆಗೌಡರೂ ಅಂದು ಬಂದು ಕೂತಿದ್ದರು. ನಾಯಕನ ಹಿಂದೆ, ಮಸುಕಾಗಿ, ಒಬ್ಬ ಮನುಷ್ಯ ಒದ್ದೆ ಮರ ಹತ್ತಿ ಕೊನೆ ಇಳಿಸುವುದು ಎರಡು ಸೆಕೆಂಡ್ ಕಂಡಿತು. ಕೊನೆಗೌಡರು ನೋಡಿದ್ದು ಅದನ್ನೊಂದೇ. ‘ಜಾರಿ ಬಿದ್ದಿದ್ರೆ ಯಾರು ನೋಡ್ಕೊತಿದ್ರು ಅವನನ್ನ?’ ಎಂದು ಕೇಳಿದರು. ನೂರಾರು ಜನ ಸೇರಿ ಮಾಡಿದ ಚಿತ್ರದಲ್ಲಿ ಒಬ್ಬರಿಗೂ ಆ ಪ್ರಶ್ನೆ ಹೊಳೆದಿರಲಿಲ್ಲ.

ಹೊರಗಿನವರಿಗೆ ನಮ್ಮೂರು ತಿಳಿಯುವುದಿಲ್ಲ ಎಂಬ ಗೊಣಗಾಟ ಇದಲ್ಲ. ಶಂಕರನಾಗ್ ಟಿ.ವಿ. ಧಾರಾವಾಹಿಗೆಂದು ಆಗುಂಬೆಗೆ ಬಂದು, ಇಲ್ಲದ ಊರಾದ ಮಾಲ್ಗುಡಿಯನ್ನು ಅಲ್ಲಿ ಕಟ್ಟಿದರು. ಆಗುಂಬೆಯ ದೊಡ್ಡಮನೆಯ ಕಂಬ, ಜಗಲಿ, ಕತ್ತಲೆಯನ್ನು ಅವರು ಇದ್ದ ಹಾಗೇ ಇಟ್ಟುಕೊಂಡರು. ಆ ಧಾರಾವಾಹಿಯನ್ನು ನನ್ನ ಮೊಮ್ಮಗಳು ಫೋನಿನಲ್ಲಿ ಎಷ್ಟನೇ ಸಲವೋ ನೋಡುತ್ತಿದ್ದಾಳೆ.

ಸರ್ಕಾರ ಕನ್ನಡ ಚಿತ್ರಗಳಿಗೆ ಸಹಾಯಧನ ಕೊಡುತ್ತದೆ, ಕೊಡಲಿ. ಅದರ ಜೊತೆ ನನ್ನದೊಂದು ಸಲಹೆಯೂ ಇದೆ. ಸಾಗರ, ಹೊಸನಗರ, ತೀರ್ಥಹಳ್ಳಿ ಎಂದು ಹೆಸರು ಹಾಕಿ ಚಿತ್ರ ತೆಗೆದವರು ಅದನ್ನು ಬಿಡುಗಡೆಗೆ ಮೊದಲು ತೆಗೆದ ಊರಿನಲ್ಲೇ ಒಂದು ಸಂಜೆ ತೋರಿಸಲಿ. ಹಾರ ಬೇಡ, ವೇದಿಕೆ ಬೇಡ, ಹೊರಗೆ ಬಂದವರ ಬಾಯಿಗೆ ಮೈಕ್ ಹಿಡಿದು ‘ಸೂಪರ್’ ಅನ್ನಿಸುವುದೂ ಬೇಡ. ನಿರ್ದೇಶಕರು ಹಿಂದಿನ ಸಾಲಿನಲ್ಲಿ ಕೂತು, ಜನ ಎಲ್ಲಿ ಎಲೆ ಅಡಿಕೆ ಹಾಕಲು ಏಳುತ್ತಾರೆ ಎಂದಷ್ಟೇ ಗುರುತು ಹಾಕಿಕೊಳ್ಳಲಿ. ಕತ್ತರಿಸಲು ಆಗಲೂ ಹೊತ್ತಿರುತ್ತದೆ. ನಮ್ಮ ಕೊನೆಗೌಡರನ್ನು ನಾನೇ ಕರೆದುಕೊಂಡು ಬರುತ್ತೇನೆ, ಬಸ್ ಚಾರ್ಜು ನನ್ನದೇ. ದೀಪಾವಳಿಯಿಂದ ಸಂಕ್ರಾಂತಿಯವರೆಗೆ ಮಾತ್ರ ಇಟ್ಟುಕೊಳ್ಳಬೇಡಿ, ಆಗ ಅವರು ಯಾರ ಕೈಗೂ ಸಿಗುವುದಿಲ್ಲ.