ಮಾತ್ರೆಯನ್ನು ನಿಷೇಧಿಸಬಹುದು, ಮೆದುಳಿನ ಹಸಿವನ್ನು?

ಬೆಂಗಳೂರು: ನೋವು ಶಮನಕ್ಕೆಂದು ತಯಾರಾದ ಮಾತ್ರೆಗಳು ನಶೆಯ ಮಾರುಕಟ್ಟೆ ಸೇರುತ್ತಿರುವುದು ಹೊಸ ಬೆಳವಣಿಗೆಯೇನಲ್ಲ. 2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಟ್ರಮಡಾಲ್ ಔಷಧವನ್ನು ಎನ್‌ಡಿಪಿಎಸ್ ಕಾಯ್ದೆಯ ವ್ಯಾಪ್ತಿಗೆ ತಂದಿತು. ಕೆಲವೇ ವರ್ಷಗಳಲ್ಲಿ ಅದೇ ಜಾತಿಯ ಟಪೆಂಟಡಾಲ್ ಆ ಜಾಗಕ್ಕೆ ಬಂದು ಕುಳಿತಿತು. ಅದರ ಜತೆ ಸ್ನಾಯು ಸಡಿಲಿಸುವ ಕ್ಯಾರಿಸೊಪ್ರೊಡಾಲ್ ಬೆರೆಸಿದ ಮಾತ್ರೆಗಳು ಭಾರತದಿಂದ ಪಶ್ಚಿಮ ಆಫ್ರಿಕಾದ ಬೀದಿಗಳಿಗೆ ಹೋಗುತ್ತಿರುವುದನ್ನು 2025ರ ಫೆಬ್ರುವರಿಯಲ್ಲಿ ಬಿಬಿಸಿ ಬಯಲಿಗೆಳೆಯಿತು. ಬೆನ್ನಲ್ಲೇ ಆ ಮಿಶ್ರಣದ ತಯಾರಿಕೆ ಹಾಗೂ ರಫ್ತಿಗೆ ನೀಡಿದ್ದ ಅನುಮತಿಯನ್ನು ಕೇಂದ್ರ ಹಿಂಪಡೆಯಿತು. ಬೆಂಗಳೂರಿನಲ್ಲಿಯೂ ಇಂತಹ ಮಾತ್ರೆಗಳನ್ನು ಪೊಲೀಸರು ವಶಪಡಿಸಿಕೊಂಡ ಪ್ರಕರಣಗಳು ವರದಿಯಾಗಿವೆ.

ಒಂದು ಹೆಸರನ್ನು ನಿಷೇಧಿಸಿದರೆ ಇನ್ನೊಂದು ಹೆಸರು ತಲೆಯೆತ್ತುವುದೇಕೆ? ಉತ್ತರ ಔಷಧದ ಅಂಗಡಿಯಲ್ಲಷ್ಟೇ ಇಲ್ಲ, ತಲೆಬುರುಡೆಯೊಳಗೂ ಇದೆ.

ಅಫೀಮು, ಮಾರ್ಫಿನ್, ಹೆರಾಯಿನ್, ಟಪೆಂಟಡಾಲ್ ಇವೆಲ್ಲ ತೆರೆಯುವುದು ಒಂದೇ ಬೀಗವನ್ನು. ನರಕೋಶಗಳ ಮೇಲಿರುವ ಈ ಗ್ರಾಹಕಗಳನ್ನು 1973ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಕ್ಯಾಂಡೇಸ್ ಪರ್ಟ್ ಮತ್ತು ಸಾಲೊಮನ್ ಸ್ನೈಡರ್ ಪ್ರಯೋಗದ ಮೂಲಕ ತೋರಿಸಿದರು. ಗಸಗಸೆ ಕಾಯಿಯ ಹಾಲಿಗಾಗಿ ಮೆದುಳು ಈ ಬೀಗ ಇಟ್ಟುಕೊಂಡಿರಲಿಲ್ಲ. ಅದು ತಾನೇ ಸ್ರವಿಸುವ ಎಂಡಾರ್ಫಿನ್‌ಗಳಿಗೆಂದು ಇದ್ದ ಬೀಗ.

ಬೆನ್ನುಹುರಿಯಲ್ಲಿ ಈ ಗ್ರಾಹಕ ನೋವಿನ ಸಂದೇಶವನ್ನು ತಡೆಯುತ್ತದೆ. ನಡುಮೆದುಳಿನಲ್ಲಿ ಡೋಪಮೈನ್ ಹರಿವಿನ ಕಡಿವಾಣ ಸಡಿಲಿಸುತ್ತದೆ. ಊಟ, ಗೆಳೆತನ, ಮೆಚ್ಚುಗೆ ಮುಂತಾದವು ತುಸುವೇ ಮಿಡಿಸುವ ತಂತಿಯನ್ನು ಮಾತ್ರೆ ಜಗ್ಗಿ ಎಳೆಯುತ್ತದೆ. ದೂರಾಲೋಚನೆ ಮಾಡಿ ‘ಬೇಡ’ ಎನ್ನಬೇಕಾದುದು ಹಣೆಯ ಹಿಂದಿರುವ ಮುಂಭಾಗದ ತೊಗಟೆ. ಅದು ಪೂರ್ಣವಾಗಿ ಬಲಿಯುವುದು ಇಪ್ಪತ್ತೈದರ ಆಸುಪಾಸಿನಲ್ಲಿ. ಕಾಲೇಜು ವಯಸ್ಸಿನ ಹುಡುಗನಿಗೆ ಬುದ್ಧಿವಾದವಷ್ಟೇ ಸಾಲದಿರುವುದಕ್ಕೆ ಇದೂ ಒಂದು ಕಾರಣ.

ಆದರೆ ಪ್ರಾಣ ತೆಗೆಯುವ ಜಾಗ ಬೇರೆ. ಶಾಲಾ ಪಠ್ಯಗಳಲ್ಲಿ ಮಣಿಶಿರ ಎಂದು ಕರೆಸಿಕೊಳ್ಳುವ ಮೆಡುಲ್ಲಾ ಉಸಿರಾಟದ ಲಯವನ್ನು ಕಾಯುತ್ತದೆ. ಅಲ್ಲಿಯೂ ಇದೇ ಗ್ರಾಹಕಗಳಿವೆ. ಪ್ರಮಾಣ ಮೀರಿದಾಗ ಮನುಷ್ಯ ಉಸಿರಾಡಲು ‘ಮರೆಯುತ್ತಾನೆ’. ಕ್ಯಾರಿಸೊಪ್ರೊಡಾಲ್ ಅಥವಾ ಮದ್ಯ ಜತೆಗೂಡಿದರೆ ಈ ಮರೆವು ಇನ್ನಷ್ಟು ಬೇಗ ಬರುತ್ತದೆ. ಹತ್ತಿರದಲ್ಲಿದ್ದವರಿಗೆ ಅದು ಬರೀ ಗೊರಕೆಯಂತೆ ಕೇಳಿಸಬಹುದು. ನ್ಯಾಲೊಕ್ಸೋನ್ ಎಂಬ ಮದ್ದು ಗ್ರಾಹಕದಿಂದ ಮಾದಕವನ್ನು ನೂಕಿ ನಿಮಿಷಗಳಲ್ಲಿ ಉಸಿರು ಮರಳಿಸಬಲ್ಲದು. ಇಂತಹ ಅಪಾಯಕ್ಕೆ ಸಾಕ್ಷಿಯಾಗಬಹುದಾದ ಮನೆಯವರ, ಗೆಳೆಯರ ಕೈಗೂ ಅದು ಸಿಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲೇ ಸಲಹೆ ನೀಡಿತ್ತು. ನಮ್ಮಲ್ಲಿ ಅದು ಬಹುಮಟ್ಟಿಗೆ ಆಸ್ಪತ್ರೆಯೊಳಗಿನ ಚುಚ್ಚುಮದ್ದು.

ಇನ್ನೂ ಕಡಿಮೆ ಚರ್ಚೆಯಾಗಿರುವ ಸಂಗತಿಯೊಂದಿದೆ. ನಿತ್ಯ ಸೇವನೆಗೆ ನರಮಂಡಲ ಒಗ್ಗಿಕೊಳ್ಳುತ್ತದೆ. ಮೊದಲಿನ ಪ್ರಮಾಣ ಸಾಲದಾಗುತ್ತದೆ. ಒಮ್ಮೆಲೇ ನಿಲ್ಲಿಸಿದಾಗ, ಅದುವರೆಗೆ ಅದುಮಿಟ್ಟಿದ್ದ ಲೋಕಸ್ ಸಿರೂಲಿಯಸ್ ಎಂಬ ಪುಟ್ಟ ನರಗುಚ್ಛ ಕೆರಳಿ ನಿಲ್ಲುತ್ತದೆ. ಬೆವರು, ನಡುಕ, ನಿದ್ರಾಹೀನತೆ, ಎದೆಬಡಿತ ಇವೆಲ್ಲ ಅದರ ಫಲ. ಕೆಲವು ದಿನಗಳಲ್ಲಿ ಈ ಯಾತನೆ ಇಳಿಯುತ್ತದೆ. ದೇಹದ ಸಹಿಷ್ಣುತೆಯೂ ಇಳಿಯುತ್ತದೆ. ಆಸೆ ಮಾತ್ರ ಉಳಿಯುತ್ತದೆ. ಜೈಲಿನಿಂದಲೋ ವ್ಯಸನಮುಕ್ತಿ ಕೇಂದ್ರದಿಂದಲೋ ಹೊರಬಂದವನು ಹಳೆಯ ಲೆಕ್ಕದಲ್ಲೇ ನುಂಗಿದರೆ ಆ ಪ್ರಮಾಣವೇ ಮಾರಕ. ಬಿಡುಗಡೆಯಾದ ಮೊದಲ ವಾರಗಳಲ್ಲಿ ಸಾವಿನ ಅಪಾಯ ಹೆಚ್ಚೆಂಬುದನ್ನು ಹಲವು ದೇಶಗಳ ಅಧ್ಯಯನಗಳು ದೃಢಪಡಿಸಿವೆ. ಕೂಡಿಹಾಕಿ ‘ಶುದ್ಧ’ ಮಾಡಿ ಕಳುಹಿಸುವ ಪದ್ಧತಿ ಈ ಮಟ್ಟಿಗೆ ಅಪಾಯಕಾರಿಯೇ ಸರಿ. ಬ್ಯುಪ್ರಿನಾರ್ಫಿನ್‌ನಂತಹ ಔಷಧವನ್ನು ವೈದ್ಯರ ನಿಗಾದಲ್ಲಿ ದೀರ್ಘಕಾಲ ನೀಡುವುದು ಈ ಅಪಾಯವನ್ನು ತಗ್ಗಿಸುತ್ತದೆ. ‘ಒಂದು ಚಟಕ್ಕೆ ಇನ್ನೊಂದು ಚಟ’ ಎಂಬ ಕುಹಕ ಅದಕ್ಕೆ ಇಂದಿಗೂ ತಪ್ಪಿಲ್ಲ.

ದೆಹಲಿಯ ಏಮ್ಸ್ ಸಂಸ್ಥೆ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 2.26 ಕೋಟಿ ಮಂದಿ ಅಫೀಮು ವರ್ಗದ ಪದಾರ್ಥಗಳನ್ನು ಸೇವಿಸುತ್ತಿದ್ದರು. ಇಷ್ಟು ಜನರನ್ನು ಠಾಣೆಗೆ ಕರೆತರುವುದು ಯಾವ ಸರ್ಕಾರಕ್ಕೂ ಸಾಧ್ಯವಿಲ್ಲ. ಕಾಯ್ದೆಗೂ ಇದು ತಿಳಿಯದ ವಿಷಯವಲ್ಲ. ಸೇವನೆಗೆ 27ನೇ ಕಲಮು ಶಿಕ್ಷೆ ವಿಧಿಸಿದರೂ, ಸ್ವಇಚ್ಛೆಯಿಂದ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆಗೆ ಮುಂದಾಗುವ ವ್ಯಸನಿಗೆ 64-ಎ ಕಲಮು ವಿಚಾರಣೆಯಿಂದ ರಕ್ಷಣೆ ನೀಡುತ್ತದೆ. ಬಂಧಿತ ಹುಡುಗನಿಗೆ, ಠಾಣೆಯ ಹೊರಗೆ ಕಾದು ನಿಂತ ಅವನ ಹೆತ್ತವರಿಗೆ ಆ ಕಲಮನ್ನು ಮೊದಲ ದಿನವೇ ಓದಿ ಹೇಳುವವರು ಯಾರು?