ಮೊದಲು ಕನ್ನಡಿ, ಆಮೇಲೆ ಸೂತ್ರ



ನಿಮ್ನ ದರ್ಪಣದ ಮುಂದೆ ವಸ್ತು ಇಟ್ಟರೆ ಅದರ ಪ್ರತಿಬಿಂಬ ಎಷ್ಟು ದೂರದಲ್ಲಿ ಬೀಳುತ್ತೆ? ಇದನ್ನು ಲೆಕ್ಕ ಮಾಡುವ ಸೂತ್ರ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿದೆ. ನಮ್ಮಕ್ಕ ಅದನ್ನು ಮಗ್ಗಿ ಥರ ಬಾಯಿಪಾಠ ಮಾಡುತ್ತಾಳೆ. ಆದರೆ ಹಾಳೆ ಮೇಲೆ ಪ್ರತಿಬಿಂಬ ಬೀಳಿಸಿ ಒಂದು ಸಲವೂ ನೋಡಿಲ್ಲ. ಇದು ಸರಿಯಲ್ಲ ಅಂತ ನನ್ನ ಅಭಿಪ್ರಾಯ. ಮೊದಲು ಕನ್ನಡಿ ಕೈಗೆ ಬರಬೇಕು, ಆಮೇಲೆ ಸೂತ್ರ.

ಸೂತ್ರ ಕಷ್ಟದ್ದೇನಲ್ಲ. ವಸ್ತು ದೂರದ ವ್ಯುತ್ಕ್ರಮಕ್ಕೆ ಪ್ರತಿಬಿಂಬ ದೂರದ ವ್ಯುತ್ಕ್ರಮ ಕೂಡಿದರೆ ಸಂಗಮ ದೂರದ ವ್ಯುತ್ಕ್ರಮ ಬರುತ್ತದೆ. ವ್ಯುತ್ಕ್ರಮ ಅಂದರೆ 20ಕ್ಕೆ 1/20. ನಮ್ಮ ಏಳನೇ ತರಗತಿಯ ಭಿನ್ನರಾಶಿ ಸಾಕು.

ಕನ್ನಡಿಯನ್ನು ದೂರದ ಮರದ ಕಡೆ ಹಿಡಿದು, ಅದರ ಮುಂದೆ ಹಾಳೆಯನ್ನು ಹಿಂದೆ ಮುಂದೆ ಸರಿಸಿ. ಮರ ತಲೆಕೆಳಗಾಗಿ ಸ್ಪಷ್ಟವಾಗಿ ಬಿದ್ದಾಗ ಅಳೆಯಿರಿ. ಅದೇ ಸಂಗಮ ದೂರ. (ಸೂರ್ಯನ ಕಡೆ ಹಿಡಿಯಬೇಡಿ, ಕಣ್ಣಿಗೆ ಅಪಾಯ.) ಅದು 20 ಸೆಂ.ಮೀ. ಇದೆ ಅನ್ನಿ. ಕತ್ತಲ ಕೋಣೆಯಲ್ಲಿ ಮೇಣದಬತ್ತಿಯನ್ನು 30 ಸೆಂ.ಮೀ. ದೂರ ಇಟ್ಟರೆ, 1/20 − 1/30 = 1/60. ಅಂದರೆ 60 ಸೆಂ.ಮೀ. ದೂರದ ಹಾಳೆ ಮೇಲೆ ಎರಡು ಪಟ್ಟು ದೊಡ್ಡ ಜ್ವಾಲೆ ತಲೆಕೆಳಗಾಗಿ ಬೀಳಬೇಕು. ಬಿತ್ತೋ ಇಲ್ಲವೋ ನಾವೇ ಅಳೆದು ನೋಡಬಹುದು. ಉತ್ತರ ಸರಿಯಾ ಅಂತ ಗೈಡ್ ತೆಗೆಯಬೇಕಿಲ್ಲ.

ಬತ್ತಿಯನ್ನು 10 ಸೆಂ.ಮೀ.ಗೆ ತಂದರೆ, 1/20 − 1/10 = −1/20. ಉತ್ತರ −20. ಎಲ್ಲರೂ ಹೆದರೋದು ಈ ಋಣ ಚಿಹ್ನೆಗೇ. ನಾನು ಕನ್ನಡಿಯ ಮುಂದಿನ ದೂರ ಧನ, ಹಿಂದಿನದು ಋಣ ಅಂತ ಇಟ್ಟುಕೊಂಡಿದ್ದೇನೆ. ಹತ್ತನೇ ಪುಸ್ತಕದಲ್ಲಿ ಇದು ಉಲ್ಟಾ. ಯಾವುದಾದರೂ ಒಂದನ್ನೇ ಕೊನೇವರೆಗೂ ಪಾಲಿಸಿದರೆ ಪ್ರತಿಬಿಂಬದ ಜಾಗ ಬದಲಾಗಲ್ಲ. ಇಲ್ಲಿ ಋಣ ಅಂದರೆ ಪ್ರತಿಬಿಂಬ ಕನ್ನಡಿಯ ಹಿಂದೆ ಇದ್ದಂತೆ ಕಾಣುತ್ತೆ, ಹಾಳೆ ಎಲ್ಲಿ ಹಿಡಿದರೂ ಸಿಗಲ್ಲ. ದೊಡ್ಡವರು ಹೇಳುವ ಕನ್ನಡಿಯೊಳಗಿನ ಗಂಟು ಇದೇ! ಕಣ್ಣಾರೆ ಕಂಡವರು ಈ ಚಿಹ್ನೆಯನ್ನು ಮರೆಯಲ್ಲ.

ಕನ್ನಡಿ ಒಡೆಯುತ್ತೆ, ಪಾಠ ಮುಗಿಯಲ್ಲ ಅಂತ ಕೆಲವರು ಹೇಳಬಹುದು. ಇದಕ್ಕೆ ಬೇಕಾಗಿರೋದು ಒಂದು ಕನ್ನಡಿ, ಒಂದು ಮೇಣದಬತ್ತಿ, ಒಂದು ಅಳತೆಪಟ್ಟಿ, ಒಂದು ಪೀರಿಯಡ್ ಅಷ್ಟೆ. ಬೀರುವಿನಲ್ಲಿ ಧೂಳು ಹಿಡಿಯುವ ಕನ್ನಡಿ ಒಡೆಯಲ್ಲ ನಿಜ, ಆದರೆ ಅದು ಯಾರಿಗೂ ಏನೂ ಕಲಿಸಲ್ಲ.

ಈ ಶನಿವಾರ ಬೀರು ತೆಗೆಸಿಕೊಡಬೇಕೆಂದು ವಿಜ್ಞಾನದ ಗುರುಗಳಲ್ಲಿ ವಿನಂತಿ. ನೀವೇನಂತೀರಿ? ಕೆಳಗಿನ ಖಾಲಿ ಜಾಗದಲ್ಲಿ ಬರೆಯಿರಿ.

– 7ನೇ ತರಗತಿ ವಿದ್ಯಾರ್ಥಿನಿ